ಪೆಟ್ಟಿಗೆ ಗೌರಮ್ಮ ಹೇಳದ ಹೆಸರು

ಕೊಳ್ಳೇಗಾಲಕ್ಕೆ ಬಂದು ಪುಟ್ಟಗೌರಮ್ಮನ ಮನೆ ಯಾವುದು ಅಂತ ಕೇಳಿದರೆ ಹತ್ತು ಜನ ಹತ್ತು ಕಡೆ ಕೈ ತೋರಿಸುತ್ತಿದ್ದರು. ಪೆಟ್ಟಿಗೆ ಗೌರಮ್ಮ ಅಂದರೆ ಮಾತ್ರ ಬಸ್ ಸ್ಟ್ಯಾಂಡಿನ ಕಡಲೆಕಾಯಿಯವಳೂ ಎದ್ದು ನಿಂತು ದಾರಿ ಹೇಳುತ್ತಿದ್ದಳು. ನೆಟ್ಟಗೆ ಹೋಗಿ, ಮಗ್ಗದ ಸದ್ದು ಶುರುವಾದ ಕಡೆ ಎಡಕ್ಕೆ ತಿರುಗಿ, ಸದ್ದು ನಿಂತ ಕಡೆ ನಿಂತುಕೊಳ್ಳಿ. ಆ ರೇಷ್ಮೆ ನೇಯುವ ಬೀದಿಯಲ್ಲಿ ಮಗ್ಗ ಇಲ್ಲದ ಮನೆ ಅವಳದೊಂದೇ.

ಪೆಟ್ಟಿಗೆಯ ವಿಚಾರ ಮೊದಲು ಮುಗಿಸಿಬಿಡೋಣ, ಹಿರಿಯದಕ್ಕೆ ಮೊದಲ ಮಣೆ. ಬೀಟೆ ಮರದ್ದು. ಮೊಳ ಉದ್ದ, ಒಂದೂವರೆ ಗೇಣು ಅಗಲ. ಮುಚ್ಚಳ ಮುಂದಕ್ಕೆ ಇಳಿಜಾರು, ಚಕ್ಕಂಬಕ್ಕಳ ಹಾಕಿ ತೊಡೆ ಮೇಲೆ ಇಟ್ಟುಕೊಂಡರೆ ಅದೇ ಮೇಜು. ಒಳಗೆ ಮಸಿಕುಡಿಕೆ ಕೂರುವುದಕ್ಕೆ ಒಂದು ಗುಳಿ, ಲೇಖನಿ ಮಲಗುವುದಕ್ಕೆ ಒಂದು ಕಾಲುವೆ, ಹಸಿ ಮಸಿಯ ಮೇಲೆ ಉದುರಿಸುವ ಮರಳಿಗೆ ಒಂದು ಬಟ್ಟಲು. ಇಡೀ ಪೆಟ್ಟಿಗೆಗೆ ಒಂದು ಕಬ್ಬಿಣದ ಮೊಳೆ ಇಲ್ಲ, ಎಲ್ಲಾ ಮರದ ಗೂಟದ ಬಿಗಿತ. ಯಳಂದೂರಿನ ಆಚಾರಿಯೊಬ್ಬ ಗೌರಮ್ಮನ ಮುತ್ತಜ್ಜನಿಗೆ ಒಂದು ಇಡೀ ಬೇಸಗೆ ಕೂತು ಮಾಡಿಕೊಟ್ಟದ್ದು. ಮುತ್ತಜ್ಜ ಅದನ್ನು ಹೆಗಲಿಗೆ ನೇತುಹಾಕಿಕೊಂಡು ಊರೂರು ಸುತ್ತಿ ಜನರ ಕಾಗದ ಪತ್ರ ಬರೆದ, ಅಜ್ಜ ಬರೆದ, ಅಪ್ಪ ಗುರುಪಾದಸ್ವಾಮಿ ಯಳಂದೂರಿನ ಕಚೇರಿ ಎದುರಿನ ಜಗಲಿಯಲ್ಲಿ ಕೂತು ಬರೆದ. ಅಪ್ಪನಿಗೆ ಒಂದು ಕಟ್ಟಳೆ ಇತ್ತು: ಹೇಳಿದವರ ಮಾತು, ಬರೆದವರ ಕೈ. ಮಾತಿನ ಮಧ್ಯೆ ಕೈ ಬಾಯಿ ಹಾಕಬಾರದು. ಗೌರಮ್ಮ ಅಕ್ಷರ ಕಲಿತದ್ದು ಆ ಮುಚ್ಚಳದ ಮೇಲೆಯೇ, ಅಪ್ಪನ ಮೊಣಕೈ ಸಂದಿಯಿಂದ ಇಣುಕಿ ನೋಡಿ.

ಐವತ್ತಾರನೇ ಇಸವಿ ವೈಶಾಖದಲ್ಲಿ ಅವಳನ್ನು ಕೊಳ್ಳೇಗಾಲಕ್ಕೆ ಕೊಟ್ಟರು. ಇದ್ದದ್ದು ಹತ್ತು ಮೈಲಿ. ಆದರೆ ಯಳಂದೂರು ಆವಾಗ ಮೈಸೂರು ಸೀಮೆ, ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆ. ಒಬ್ಬಳೇ ಮಗಳನ್ನು ಪರರಾಜ್ಯಕ್ಕೆ ತಳ್ಳಿದ್ದೀರಲ್ಲ ಅಂತ ನೆಂಟರೆಲ್ಲ ಗುರುಪಾದಸ್ವಾಮಿಯನ್ನು ಆಡಿಕೊಂಡರು. ನವೆಂಬರಿನಲ್ಲಿ ಕೊಳ್ಳೇಗಾಲವನ್ನು ಮೈಸೂರಿಗೆ ಸೇರಿಸಿದರು ನೋಡಿ, ಗುರುಪಾದಸ್ವಾಮಿ ಮೀಸೆ ತಿರುವಿಕೊಂಡು, ಮಗಳನ್ನು ಕಳಿಸಿದ್ದಕ್ಕೆ ಅಳಿಯನ ಊರೇ ನಮ್ಮ ಕಡೆ ಬಂತಲ್ರಪ್ಪಾ ಅಂದರು.

ಅಳಿಯನ ಹೆಸರು ಮಾದಸ್ವಾಮಿ. ನಾನು ಹೇಳಬಹುದು, ನೀವು ಹೇಳಬಹುದು. ಗೌರಮ್ಮ ಹೇಳುವ ಹಾಗಿಲ್ಲ. ಹೆಂಡತಿ ಗಂಡನ ಹೆಸರು ಹಿಡಿದು ಹೇಳಿದರೆ, ಹೇಳಿದ ಒಂದೊಂದು ಸಲಕ್ಕೂ ಅವನ ಆಯುಸ್ಸು ಅಷ್ಟಷ್ಟು ಸವೆಯುತ್ತದೆ ಅನ್ನುವುದು ಆ ಕಡೆಯ ಹೆಂಗಸರಿಗೆ ಎದೆಹಾಲಿನ ಜೊತೆ ಬಂದದ್ದು. ನೀವು ನಗಬಹುದು. ಓದುಬರಹ ಬಲ್ಲವಳಲ್ಲವೇ ಅವಳು ಅಂತ ಕೇಳಬಹುದು. ಓದುಬರಹ ತಲೆಗೆ ಹತ್ತುತ್ತದೆ, ಇಂಥದ್ದು ನಾಲಿಗೆಯ ಬೇರಿನಲ್ಲಿ ಕೂತಿರುತ್ತದೆ.

ಮಾದಸ್ವಾಮಿ ಸೀರೆ ವ್ಯಾಪಾರಿಯೊಬ್ಬರ ಹತ್ತಿರ ಕೆಲಸಕ್ಕಿದ್ದ. ಸೀರೆ ಗಂಟು ತಕ್ಕೊಂಡು ಕೊಯಮತ್ತೂರಿಗೆ ಹೋಗಿ ಬರುವುದೇ ಕೆಲಸ, ತಮಿಳು ನೀರು ಕುಡಿದ ಹಾಗೆ. ಎರಡು ವರ್ಷ ಸಂಸಾರ ಮಾಡಿದರು. ಚೆನ್ನಾಗಿಯೇ ಮಾಡಿದರು. ಅವನು ಊಟಕ್ಕೆ ಕೂತರೆ ಮಾತು ನಿಲ್ಲುತ್ತಿರಲಿಲ್ಲ, ತುತ್ತು ಕೈಯಲ್ಲೇ ಒಣಗುತ್ತಿತ್ತು. ಐವತ್ತೆಂಟರಲ್ಲಿ ಕೊಯಮತ್ತೂರಿನದೇ ಒಂದು ಮಿಲ್ಲಿನಲ್ಲಿ ಕೆಲಸ ಸಿಕ್ಕಿತು ಅಂತ ಹೊರಟ. ಒಂದು ರೂಮು ನೋಡಿ ಕರೆಸಿಕೊಳ್ಳುತ್ತೇನೆ ಅಂದ. ಕಾಗದ ಬರುತ್ತಿತ್ತು. ತಿಗಣೆ ಕಾಟ, ಹೋಟೆಲಿನ ಸಾರು ಬರೀ ನೀರು, ನಿನ್ನ ಅಕ್ಷರ ನೋಡಿ ರೂಮಿನವರು ಗಂಡಸಿನ ಅಕ್ಷರ ಅನ್ನುತ್ತಾರೆ, ಹೀಗೇ ಏನೇನೋ. ಇವಳು ಒಳಗಿನ ಕಾಗದ ಬರೆಯುತ್ತಿದ್ದಳು. ಮೇಲಿನ ವಿಳಾಸವನ್ನು ಮಾವ ಸಿದ್ದಮಲ್ಲಪ್ಪನವರೇ ನಡುಗುವ ಕೈಯಲ್ಲಿ ಬರೆಯುತ್ತಿದ್ದರು, ಸೊಸೆ ಗಂಡನ ಹೆಸರು ಬರೆಯುವುದೆಂದರೇನು!

ಅರವತ್ತರಲ್ಲಿ ಬಂದ ಕಾಗದದಲ್ಲಿ, ರೂಮು ಬದಲಾಯಿಸುತ್ತಿದ್ದೇನೆ, ಹೊಸ ವಿಳಾಸ ಬರೆಯುತ್ತೇನೆ ಅಂತಿತ್ತು. ಅದೇ ಕೊನೆ.

ಮಾವ ಕೊಯಮತ್ತೂರಿಗೆ ಹೋಗಿ ಎಂಟು ದಿನ ಹುಡುಕಿದರು. ಮಿಲ್ಲಿನಲ್ಲಿ ಕೆಲಸ ಬಿಟ್ಟ ಅಂದರು, ರೂಮಿನಲ್ಲಿ ಖಾಲಿ ಮಾಡಿದ ಅಂದರು. ಆಮೇಲೂ ಗೌರಮ್ಮ ಹಳೆಯ ವಿಳಾಸಕ್ಕೇ ಕಾಗದ ಬರೆದಳು. ಉತ್ತರ ಬರಲಿಲ್ಲ. ವಾಪಸ್ಸೂ ಬರಲಿಲ್ಲ. ವಾಪಸ್ಸು ಬಂದಿದ್ದರೆ ಅದೂ ಒಂದು ಉತ್ತರ ಅಂದುಕೊಳ್ಳಬಹುದಿತ್ತು.

ಮರುವರ್ಷ ಗುರುಪಾದಸ್ವಾಮಿ ಪೆಟ್ಟಿಗೆ ತಕ್ಕೊಂಡು ಬಂದರು. ಬಸ್ಸಿನ ಮೇಲೆ ಹಾಕಿ ಅಂತ ಕಂಡಕ್ಟರ್ ಬೈದರೂ ಕೇಳದೆ, ಯಳಂದೂರಿನಿಂದ ತೊಡೆ ಮೇಲೇ ಇಟ್ಟುಕೊಂಡು ಬಂದಿದ್ದರು. ಊರಲ್ಲಿ ಅಣ್ಣನ ಮಗ ರುದ್ರಸ್ವಾಮಿ, ಗಂಡುಮಕ್ಕಳು ಬರೆಯುವ ಪೆಟ್ಟಿಗೆ ಮನೆ ಬಿಟ್ಟು ಹೋಗಬಾರದು ಅಂತ ಜಗಳಕ್ಕೇ ನಿಂತಿದ್ದನಂತೆ. ಅವನ ಕೈಗೆ ಕೊಟ್ಟರೆ ಎಲೆಅಡಿಕೆ ತುಂಬಿಡುತ್ತಾನೆ ಅಂತ ಅಪ್ಪನಿಗೆ ಗೊತ್ತು. ಮಗಳ ಮುಂದೆ ಇಟ್ಟು, "ಇದು ಗಂಡು ಹೆಣ್ಣು ನೋಡಲ್ಲ ಕಣವ್ವ, ಕೈ ನೋಡುತ್ತೆ. ಸುಮ್ನೆ ಬಾಗಿಲು ನೋಡ್ಕೊಂಡು ಕೂತ್ಕೋಬೇಡ, ಬರಿ," ಅಂದರು. ಆ ವರ್ಷವೇ ತೀರಿಕೊಂಡರು.

ಅವಳು ಬರೆದಳು. ಪೋಸ್ಟಾಫೀಸಿನ ಎದುರು ಕಾಗದ ಬರೆದುಕೊಡುವ ಗಂಡಸರು ಇದ್ದರು. ಆದರೆ ಹೆಂಗಸರು ಅವರ ಹತ್ತಿರ ಹೇಳುವುದಾದರೂ ಏನನ್ನು? ಯಾರು ಹೋದರೂ ಅವರು ಗೀಚಿಕೊಡುವುದು ಒಂದೇ ಕಾಗದ: ಇತ್ತಲಾಗಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು. ಗೌರಮ್ಮನ ಹತ್ತಿರ ಹಾಗಲ್ಲ. ಸಂತೆಗೆ ಬಂದ ಹೆಂಗಸರು ಸತ್ತೇಗಾಲದಿಂದ, ಹನೂರಿನಿಂದ, ರಾಮಾಪುರದಿಂದ ಬಂದು ಅವಳ ನಡುಮನೆಯಲ್ಲಿ ಕಾಲು ಚಾಚಿ ಕೂತು, ಅತ್ತೆ ಬೈದದ್ದು, ಹಸು ಗಬ್ಬವಾದದ್ದು, ಮಗಳು ದೊಡ್ಡವಳಾದದ್ದು, ರಾತ್ರಿ ನಿದ್ದೆ ಬರದೆ ಹೊರಳುವುದು ಎಲ್ಲಾ ಹೇಳುತ್ತಿದ್ದರು. ಅವಳು ಒಂದಕ್ಷರ ಬಿಡದೆ ಬರೆಯುತ್ತಿದ್ದಳು. ಬಾಣಂತಿಯರು ಬರಲಾಗದಿದ್ದರೆ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ತಾನೇ ಹೊರಡುತ್ತಿದ್ದಳು. ಅವರೆಕಾಯಿಯೋ ಹೆಸರುಕಾಳೋ ಕೊಟ್ಟರೆ ಈಸಿಕೊಳ್ಳುವಳು, ಕೊಡದಿದ್ದರೆ ಕೇಳಳು.

ಕಷ್ಟ ಇದ್ದದ್ದು ಕೊನೆಗೆ, ವಿಳಾಸಕ್ಕೆ ಬಂದಾಗ. ಎದೆಯಲ್ಲಿದ್ದದ್ದನ್ನೆಲ್ಲ ಸುರಿದ ಹೆಂಗಸು ಗಂಡನ ಹೆಸರು ಅಂದ ಕೂಡಲೇ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು. ಅದಕ್ಕೆ ಗೌರಮ್ಮ ಒಂದು ಉಪಾಯ ಮಾಡಿಕೊಂಡಿದ್ದಳು. ಗಂಡನಿಗೆ ಯಾವ ದೇವರ ಹೆಸರೋ ಆ ದೇವರ ದಿಕ್ಕಿಗೆ ಗದ್ದ ಎತ್ತು ಅನ್ನುವಳು. ಬಿಳಿಗಿರಿ ಬೆಟ್ಟದ ಕಡೆ ಗದ್ದ ಎತ್ತಿದರೆ ರಂಗಯ್ಯ, ರಂಗಸ್ವಾಮಿ, ರಂಗನಾಯಕ. ನಂಜನಗೂಡಿನ ಕಡೆ ಎತ್ತಿದರೆ ನಂಜಯ್ಯ, ನಂಜುಂಡ. ಮಾದೇಶ್ವರನ ಬೆಟ್ಟದ ಕಡೆ ಎತ್ತಿದರೋ, ಮುಗಿಯಿತು ಕತೆ, ಅರ್ಧ ತಾಲ್ಲೂಕೇ ಅಲ್ಲಿದೆ. ಅವಳು ಒಂದೊಂದೇ ಹೆಸರು ಹೇಳುತ್ತಾ ಹೋಗುವಳು, ತನ್ನ ಗಂಡನದು ಬಂದಾಗ ಹೆಂಗಸು ಸೆರಗಿನೊಳಗೇ ತಲೆ ಆಡಿಸುವಳು. ಹತ್ತು ವರ್ಷ ಈ ಉಪಾಯ ಒಂದು ಸಲವೂ ಕೈ ಕೊಡಲಿಲ್ಲ. ಅದರ ಬಗ್ಗೆ ಅವಳಿಗೆ ಒಳಗೊಳಗೇ ಜಂಬ ಕೂಡ ಇತ್ತು, ಯಾಕೆ ಸುಳ್ಳು ಹೇಳಲಿ.

ಈ ಮಧ್ಯೆ ಮಾವ ತೀರಿಹೋದರು. ಅವರಿದ್ದಷ್ಟು ದಿನ ಸಂಜೆ ಜಗಲಿಯಲ್ಲಿ ಕೂತು, ನಮ್ಮ ಮಾದಸ್ವಾಮಿ ಇದ್ದಿದ್ದರೆ ಅಂತ ಏನಾದರೊಂದು ಶುರು ಮಾಡುತ್ತಿದ್ದರು. ಆ ಒಂದು ಹೆಸರು ಕಿವಿಗೆ ಬೀಳಲಿ ಅಂತಲೇ ಗೌರಮ್ಮ ಒಳಗೆ ಪಾತ್ರೆ ಸದ್ದು ಮಾಡದೆ ನಿಲ್ಲುತ್ತಿದ್ದಳು. ಅವರು ಹೋದ ಮೇಲೆ ಆ ಹೆಸರು ಆ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಕಾಗದವೂ ನಿಂತಿತು, ವಿಳಾಸ ಬರೆಯುವವರಿಲ್ಲವಲ್ಲ. ರಾಮನ ವನವಾಸದಷ್ಟು ಕಾಲ ಕಳೆಯಿತು. ರಾಮನಾದರೂ ಹೆಂಡತಿಯನ್ನು ಜೊತೆಗೆ ಕರಕೊಂಡು ಹೋಗಿದ್ದ ಅಂತ ಒಂದು ದಿನ ಪಕ್ಕದ ಮನೆ ಸೋಮಮ್ಮನ ಹತ್ತಿರ ಅಂದು, ಅವಳು ಅತ್ತಿದ್ದು ನೋಡಿ ತಾನೇ ಸಮಾಧಾನ ಮಾಡಿದಳು. ಅರಿಸಿನ ಕುಂಕುಮ ಬಿಡಲಿಲ್ಲ. ಅವನಿಗಾಗಿ ಅನ್ನ ಬೇಯಿಸಲಾರಳು, ಬಟ್ಟೆ ಒಗೆಯಲಾರಳು. ಅವನ ಹೆಸರು ಹೇಳದೆ ಇರಬಲ್ಲಳು. ಅವನಿಗಾಗಿ ಅವಳು ಮಾಡಬಹುದಾದ ಕೆಲಸ ಅದೊಂದೇ ಉಳಿದಿತ್ತು. ಅದನ್ನು ಅವಳು ಬಲು ಜೋಪಾನವಾಗಿ ಮಾಡುತ್ತಿದ್ದಳು.

ಎಪ್ಪತ್ತೆರಡನೇ ಇಸವಿಯಲ್ಲಿ ಕೌದಳ್ಳಿಯಿಂದ ದೊಡ್ಡಮಾದಮ್ಮ ಬಂದಳು. ಗಟ್ಟಿಮುಟ್ಟಾದ ಹೆಂಗಸು, ಮೂವತ್ತರ ಒಳಗೆ. ಗಂಡನ ಜೊತೆ ಏನೋ ಮಾತಿಗೆ ಮಾತು ಬೆಳೆದು ಅಣ್ಣನ ಮನೆಗೆ ಬಂದು ಕೂತಿದ್ದಳು. ಗಂಡ ಸಿಟ್ಟಲ್ಲಿ ನೀಲಗಿರಿಯ ಟೀ ತೋಟಕ್ಕೆ ಹೊರಟುಹೋಗಿದ್ದ. ಅವಳ ಸಿಟ್ಟು ಹದಿನೈದು ದಿನಕ್ಕೇ ಇಳಿದಿತ್ತು. ಆದರೆ ಅಣ್ಣನದು ಇಳಿದಿರಲಿಲ್ಲ, ಆ ಮನೆಯಲ್ಲಿ ತಂಗಿಯ ಗಂಡನ ಮಾತೆತ್ತಿದರೆ ಮೈಮೇಲೆ ಬರುತ್ತಿದ್ದ. ಅದಕ್ಕೆ ಸಂತೆಯ ನೆಪ ಹೇಳಿ ಕದ್ದು ಬಂದಿದ್ದಳು. ತೋಟದ ಹೆಸರು, ಕೂನೂರಿನ ಅಂಚೆ, ಎಲ್ಲಾ ಯಾರಿಂದಲೋ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು. ಬರೆಸಿದ್ದು ಒಂದೇ ಮಾತು: ತಪ್ಪು ನಂದು, ಬಂದು ಕರಕಂಡು ಓಗಿ.

ಹೆಸರು ಅಂದಾಗ ಗದ್ದ ಮಾದೇಶ್ವರನ ಬೆಟ್ಟದ ಕಡೆ ಹೋಯಿತು. ಗೌರಮ್ಮ ಎಂದಿನ ಹಾಗೆ ಶುರು ಮಾಡಿದಳು. ಮಾದಯ್ಯ, ಮಾದಪ್ಪ, ಮಾದೇವ, ಮಹದೇವಯ್ಯ, ಮಹದೇವಸ್ವಾಮಿ, ಮಾದನಾಯಕ, ಮಾದೇಗೌಡ. ಬೆಟ್ಟದ ದೇವರ ಹೆಸರು ಹೊತ್ತವರನ್ನೆಲ್ಲ ಕರೆದಳು, ಒಬ್ಬನನ್ನು ಬಿಟ್ಟು. ಬಿಟ್ಟದ್ದು ಯಾರನ್ನು ಅಂತ ನಿಮಗೆ ಗೊತ್ತಾಯಿತು. ಅವಳಿಗೆ ಗೊತ್ತಾಗಲಿಲ್ಲ. ಹದಿನಾರು ವರ್ಷ ಆ ಹೆಸರನ್ನು ದಾಟಿ ದಾಟಿ ನಾಲಿಗೆಗೆ ಅಲ್ಲೊಂದು ಹೆಸರಿದೆ ಅನ್ನುವುದೇ ಮರೆತುಹೋಗಿತ್ತು. ದೊಡ್ಡಮಾದಮ್ಮ ಯಾವುದಕ್ಕೂ ತಲೆ ಆಡಿಸಲಿಲ್ಲ. ನಾಚಿಕೆ ಜಾಸ್ತಿ ಇರಬೇಕು ಅಂದುಕೊಂಡು ಗೌರಮ್ಮ, ಮಾದಯ್ಯನೇ ತಾನೆ ಅಂದಳು. ಅವಳು ಒಂದು ಗಳಿಗೆ ತಡೆದು, ಹೂಂ ಅಂದಳು.

ಮೂರು ಕಾಗದ ಹೋದವು. ಉತ್ತರ ಬರಲಿಲ್ಲ. ಪ್ರತಿ ಸಲ ಬಂದಾಗಲೂ ದೊಡ್ಡಮಾದಮ್ಮ ಬಾಗಿಲಲ್ಲೇ ನಿಂತು ಗೌರಮ್ಮನ ಮುಖ ನೋಡುತ್ತಿದ್ದಳು, ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ಆ ನೋಟ ಗೌರಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಎಪ್ಪತ್ತಮೂರರ ಶಿವರಾತ್ರಿಗೆ ಹನ್ನೆರಡು ದಿನ ಇರುವಾಗ ಪೋಸ್ಟ್‌ಮ್ಯಾನು ಆ ಮೂರೂ ಕಾಗದವನ್ನು ಒಟ್ಟಿಗೆ ತಂದು ಕೈಗಿಟ್ಟ. ಕಳಿಸಿದವರ ವಿಳಾಸ ಅಂತ ಇವಳು ತನ್ನ ಮನೆಯದೇ ಬರೆಯುತ್ತಿದ್ದಳು. ಮೇಲೆ ತಮಿಳಿನಲ್ಲಿ ಏನೋ ಗೀಚಿತ್ತು. ಈ ಹೆಸರಿನವರು ತೋಟದಲ್ಲಿಲ್ಲ ಅಂತ ಅವನೇ ಓದಿ ಹೇಳಿದ. ಒಂದನ್ನೂ ಒಡೆದಿರಲಿಲ್ಲ. ಹತ್ತು ವರ್ಷದಲ್ಲಿ ಪೆಟ್ಟಿಗೆಯ ಮೇಲೆ ಬರೆದ ಕಾಗದ ಹಾಗೆ ವಾಪಸ್ಸು ಬಂದದ್ದು ಅದೇ ಮೊದಲು. ಅವಳಿಗೆ ಅಪ್ಪನ ಎದುರು ತಪ್ಪು ಅಕ್ಷರ ಬರೆದು ಸಿಕ್ಕಿಬಿದ್ದ ಹಾಗಾಯಿತು.

ಎರಡು ದಿನಕ್ಕೆ ದೊಡ್ಡಮಾದಮ್ಮನೇ ಓಡಿ ಬಂದಳು. ತಲೆ ಕೆದರಿತ್ತು, ಸಂತೆಯ ದಿನವೂ ಅಲ್ಲ. ನೀಲಗಿರಿಯಿಂದ ಬಂದ ಯಾರೋ ಒಬ್ಬ ಬಸ್ಸಿನ ಕಿಟಕಿಯಿಂದಲೇ ಸುದ್ದಿ ಹೇಳಿ ಹೋಗಿದ್ದ. ಎಂಟು ತಿಂಗಳಾಯಿತು, ಒಂದು ಕಾಗದ ಇಲ್ಲ, ಅವಳಿಗೆ ನಾನು ಬೇಡ, ಶಿವರಾತ್ರಿವರೆಗೆ ನೋಡುತ್ತೇನೆ, ಆಮೇಲೆ ಇಲ್ಲೇ ಒಬ್ಬಳನ್ನು ಕಟ್ಟಿಕೊಳ್ಳುತ್ತೇನೆ. ಗಂಡ ಅಂದದ್ದು ಇಷ್ಟು.

ಗೌರಮ್ಮ ವಾಪಸ್ಸು ಬಂದ ಕಾಗದ ಅವಳ ಮುಂದೆ ಇಟ್ಟಳು. ನಿನ್ನ ಗಂಡ ಮಾದಯ್ಯ ಅಲ್ಲವಾ ಅಂತ ಕೇಳಿದಳು. ಅಲ್ಲ ಅಂತ ಅವಳು ತಲೆ ಆಡಿಸಿದಳು.

"ಮತ್ತೆ ಯಾಕೆ ಹೂಂ ಅಂದೆ?"

"ನನ್ಗೇನ್ ಗೊತ್ತವ್ವಾರೆ? ನೀವು ಓದ್ದೋರು. ಬರವಣ್ಗೇಲಿ ಅಂಗೇ ಬರೀತಾರೇನೋ ಅನ್ಕಂಡಿ," ಅಂದಳು ದೊಡ್ಡಮಾದಮ್ಮ.

ಗೌರಮ್ಮನಿಗೆ ಸಿಟ್ಟು ಬಂತು, ಅಳು ಬಂತು. ಎರಡನ್ನೂ ನುಂಗಿ ಮತ್ತೆ ಮೊದಲಿಂದ ಶುರು ಮಾಡಿದಳು. ಈ ಸಲ ನಿಧಾನವಾಗಿ, ಒಂದೊಂದಕ್ಕೂ ನಿಂತು. ಯಾವುದಕ್ಕೂ ಸೆರಗು ಅಲ್ಲಾಡಲಿಲ್ಲ. ಇಷ್ಟೇ ಕಣವ್ವ, ಇನ್ನು ಹೆಸರೇ ಇಲ್ಲ ಅಂದಳು. ಅನ್ನುತ್ತಿದ್ದ ಹಾಗೆಯೇ, ಇದೆ ಅಂತ ಗೊತ್ತಾಯಿತು.

ಕೈಯಲ್ಲಿದ್ದ ಪೆನ್ನನ್ನು ಪೆಟ್ಟಿಗೆಯ ಕಾಲುವೆಯಲ್ಲಿ ಇಟ್ಟುಬಿಟ್ಟಳು. ಬರೆದು ತೋರಿಸೋಣ ಅಂದರೆ ಎದುರಿಗಿರುವವಳಿಗೆ ಓದಲು ಬರುವುದಿಲ್ಲ. ಪಕ್ಕದ ಮನೆ ಸೋಮಮ್ಮನನ್ನು ಕೂಗಿದರೆ ಸಾಕು, ಗೋಡೆಯಾಚೆಯಿಂದಲೇ ಹೇಳಿಬಿಡುತ್ತಾಳೆ, ಅವಳಿಗೇನು ಅಡ್ಡಿ? ಕೂಗಬೇಕು ಅಂತ ಎದ್ದಳು ಕೂಡ. ಎದ್ದವಳು ಹಾಗೇ ನಿಂತಳು. ಆಗ ಅವಳಿಗೆ ತನ್ನ ಬಗ್ಗೆ ಒಂದು ವಿಷಯ ತಿಳಿಯಿತು. ಆ ಹೆಸರನ್ನು ಸೋಮಮ್ಮ ಹೇಳುವುದು ತನಗೆ ಬೇಡ. ತಾನೇ ಹೇಳಬೇಕು. ಒಂದು ಸಲ, ಜೀವದಲ್ಲಿ ಒಂದೇ ಸಲ, ಆ ನಾಲ್ಕು ಅಕ್ಷರ ತನ್ನ ಬಾಯಲ್ಲಿ ಹೇಗಿರುತ್ತದೆ ಅಂತ ನೋಡಬೇಕು. ಎಷ್ಟು ವರ್ಷದಿಂದ ಆ ಆಸೆ ಅಲ್ಲಿ ಕೂತಿತ್ತೋ! ಹೇಳಿದರೆ ಅವನಿಗೆ ಏನಾದರೂ ಆದರೆ? ಎಲ್ಲಿದ್ದಾನೋ, ಉಂಡಿದ್ದಾನೋ, ಜ್ವರದಲ್ಲಿ ಮಲಗಿದ್ದಾನೋ. ಹೇಳದಿದ್ದರೆ ಇವಳ ಗಂಡ ಹೋಗುತ್ತಾನೆ. ಅದೂ ತನ್ನ ಕೈಯ ತಪ್ಪಿನಿಂದ. ತನ್ನ ಹಾಗೆಯೇ ಇನ್ನೊಬ್ಬಳು ಬಾಗಿಲು ನೋಡುತ್ತಾ ಕೂರುತ್ತಾಳೆ.

ಮತ್ತೆ ಕೂತಳು. ಪೆಟ್ಟಿಗೆಯನ್ನು ತೊಡೆ ಮೇಲೆ ಎಳೆದುಕೊಂಡು ಎರಡು ಕೈಯಲ್ಲೂ ಅದರ ಅಂಚು ಹಿಡಿದಳು.

"ಮಾದಸ್ವಾಮಿನಾ?"

ದೊಡ್ಡಮಾದಮ್ಮ ಮುಖಕ್ಕೆ ಸೆರಗು ಮುಚ್ಚಿಕೊಂಡು ತಲೆ ಆಡಿಸಿದಳು. ಆಡಿಸುತ್ತಲೇ ಇದ್ದಳು.

ಗೌರಮ್ಮ ವಿಳಾಸ ಬರೆದಳು. ಮಾ ಅನ್ನುವ ಅಕ್ಷರ ಎರಡು ಸಲ ಕೆಟ್ಟು ಮೂರನೇ ಕವರಿನಲ್ಲಿ ಸರಿಯಾಯಿತು. ತಾನೇ ಪೋಸ್ಟಾಫೀಸಿಗೆ ಹೋಗಿ ಹಾಕಿ ಬಂದಳು. ದೊಡ್ಡಮಾದಮ್ಮ ಸಂಜೆ ಬಸ್ಸಿಗೆ ಊರಿಗೆ ಹೋದಳು. ಇವಳು ಬಂದು ಬಾಗಿಲು ಹಾಕಿಕೊಂಡು ಒಲೆ ಹಚ್ಚದೆ ಕೂತಳು. ಬಾಯಿ ಸಿಹಿಯಾಗಿಯೂ ಇತ್ತು, ಹೆದರಿಕೆಯೂ ಆಗುತ್ತಿತ್ತು. ಮಾರನೇ ದಿನದಿಂದ ಕುಂಕುಮ ಇಟ್ಟುಕೊಳ್ಳುವಾಗ ಕೈ ಒಂದು ಗಳಿಗೆ ತಡೆಯುತ್ತಿತ್ತು.

ಶಿವರಾತ್ರಿ ಆಯಿತು. ಉಗಾದಿ ಹತ್ತಿರ ಬಂತು. ಒಂದು ಮಧ್ಯಾಹ್ನ ಅವಳು ಯಾರದೋ ಕಾಗದ ಬರೆದು ಮುಗಿಸಿ ಮಸಿ ಒಣಗಲಿ ಅಂತ ಊದುತ್ತಿದ್ದಾಗ ಹೊರಗೆ ಗಂಡಸಿನ ದನಿ ಕೇಳಿತು.

"ಅಮ್ಮಾ, ನಾನು ಮಾದಸ್ವಾಮಿ ಬಂದಿವ್ನಿ."

ಪೆಟ್ಟಿಗೆ ತೊಡೆಯಿಂದ ಉರುಳಿತು. ಮಸಿ ಕಾಗದದ ಮೇಲೆಲ್ಲ ಚೆಲ್ಲಿತು. ಹದಿನೈದು ವರ್ಷಕ್ಕೆ ದನಿ ಬದಲಾಗಿರುತ್ತದೆ, ಬದಲಾಗದೆ ಇರುತ್ತದೆಯೇ, ತಮಿಳು ಸೀಮೆಯ ನೀರು ಅಂತ ಏನೇನೋ ತಾನೇ ಹೇಳಿಕೊಳ್ಳುತ್ತಾ ಅವಳು ಹೊಸಿಲಿಗೆ ಓಡಿದಳು.

ಕುತ್ತಿಗೆಗೆ ಉಣ್ಣೆ ಮಫ್ಲರ್ ಸುತ್ತಿಕೊಂಡ, ಅವಳು ಕಂಡರಿಯದ ಕಪ್ಪು ಮನುಷ್ಯ ನಿಂತಿದ್ದ. ಅವನ ಹಿಂದೆ ಹೊಸ ಸೀರೆ ಉಟ್ಟು ದೊಡ್ಡಮಾದಮ್ಮ ನಗುತ್ತಿದ್ದಳು.

ಗೌರಮ್ಮ ಬಾಗಿಲ ಪಟ್ಟಿ ಹಿಡಿದುಕೊಂಡಳು. ಆಮೇಲೆ ಒಳಗೆ ಬನ್ನಿ ಅಂದಳು, ಚಾಪೆ ಹಾಸಿದಳು, ನೀರು ಕೊಟ್ಟಳು. ಅವನು ಟೀ ಪುಡಿಯ ಪೊಟ್ಟಣ ಅವಳ ಮುಂದೆ ಇಟ್ಟ. ತೋಟದ ಕೆಲಸ ಬಿಡುತ್ತೇನೆ, ಇನ್ನೊಂದು ಸಲ ಹೋಗಿ ಸಾಮಾನು ತರಬೇಕು ಅಂದ. ಈ ಅಮ್ಮನ ಗಂಡ ಕೊಯಮತ್ತೂರಿಗೆ ಹೋದವರು ಬಂದಿಲ್ಲ ಅಂತ ಹೆಂಡತಿ ದಾರಿಯಲ್ಲಿ ಹೇಳಿದ್ದಳು. ಹಾಗೇ ಕೊಯಮತ್ತೂರಿಗೂ ಹೋಗಿ ನಾಲ್ಕು ದಿನ ವಿಚಾರಿಸುತ್ತೇನೆ, ನಮಗೆ ಇಷ್ಟು ಮಾಡಿದ್ದೀರಿ, ಯಜಮಾನರ ಹೆಸರೊಂದು ಬರೆದುಕೊಡಿ ಅಂದ. ಮಸಿಯಾದ ಕೈ ನೋಡಿ, ಇಲ್ಲದಿದ್ದರೆ ಬಾಯಲ್ಲೇ ಹೇಳಿ, ನೆನಪಿಟ್ಟುಕೊಳ್ಳುತ್ತೇನೆ ಅಂದ.

ಅವಳು ಅವನ ಮುಖವನ್ನೇ ನೋಡಿದಳು.

"ನಿಮ್ಮ ಹೆಸ್ರೇ ಕಣಪ್ಪ," ಅಂದಳು.

ಅವನಿಗೆ ಏನೂ ಅನ್ನಿಸಲಿಲ್ಲ, ಹಂಗಾದ್ರೆ ಮರೆಯುವ ಮಾತೇ ಇಲ್ಲ ಅಂತ ನಕ್ಕ. ದೊಡ್ಡಮಾದಮ್ಮ ನಗಲಿಲ್ಲ. ಅವಳ ಕಣ್ಣು ದೊಡ್ಡದಾಗುತ್ತಾ ಹೋಯಿತು. ಕೂತಲ್ಲಿಂದಲೇ ತೆವಳಿಕೊಂಡು ಬಂದು ಗೌರಮ್ಮನ ಮೊಣಕಾಲು ಹಿಡಿದಳು. "ಅವತ್ತು ನನ್ಗೋಸ್ಕರ ಏಳ್ಬುಟ್ರಾ, ಅವ್ವಾರೆ?"

ಗೌರಮ್ಮ ಅವಳ ಕೈ ಮೇಲೆ ತನ್ನ ಮಸಿಗೈ ಇಟ್ಟಳು.

"ಒಂದೇ ಸಲ ಕಣವ್ವ ಹೇಳಿದ್ದು," ಅಂದಳು. "ಒಂದ್ ಸಲಕ್ಕೆ ಅವರಿಗೆ ಏನೂ ಆಗಿರಲ್ಲ, ಅಲ್ವಾ?"